ಬೀಟಲ್ಸ್: ನಂಬರ್ ಒನ್ 17ಓ, 20ಓ, 27ಓ? ಮತ್ತ ಯಾವ ಮರುಮುದ್ರಣ ತಗೋಬೇಕು?

ಸಾಧನಕೇರಿ_ಕೇಳುಗ (ಧಾರವಾಡ)

ಬೀಟಲ್ಸ್ ಹಾಡು ಕೇಳ್ಸೂ ಎರಡು ತಾಸಿನ ಬೈಠಕ್ಕಿಗೆ ಒಂದು ಪುಟದ ಟಿಪ್ಪಣಿ ಬರೀಬೇಕಾಗೇದ. ಲೆಕ್ಕನ ಕೂಡವಲ್ದು. ಒಂದ್ಕಡೆ ಬ್ರಿಟನ್ನಿನ ವಾರದ ಮಾರಾಟ ಪಟ್ಟಿಯೊಳಗ 17 ನಂಬರ್ ಒನ್ ಅಂತಾರ, ಇನ್ನೊಂದ್ಕಡೆ 18. ಅಮೆರಿಕಾದ್ದು 20. 2000ದಾಗ ಬಂದ ‘1’ ಅನ್ನೂ ಸಂಕಲನದಾಗ 27 ಹಾಡು ಅವ, ಆದ್ರ ಅದರಾಗ ‘ಪ್ಲೀಸ್ ಪ್ಲೀಸ್ ಮಿ’ ಇಲ್ಲ. ಹಳೇ ಬರಹದಾಗ ನೋಡಿದ್ರ ಅದೂ ನಂಬರ್ ಒನ್. ಯಾವುದು ಖರೆ?

ಎರಡನೇದು: ಸಂಘಕ್ಕ ಒಂದು ಪೂರ್ತಿ ಸೆಟ್ ತಗೋಬೇಕು. 1987ರ ಸಿಡಿ, 2009ರ ಸಿಡಿ, ಮೋನೊ ಬಾಕ್ಸ್, 2012ರ ಎಲ್‌ಪಿ, ಈಚಿನ ಹೊಸ ಮಿಕ್ಸ್. ಇಷ್ಟರಾಗ ಯಾವುದಕ್ಕ ರೊಕ್ಕ ಹಾಕೂದು ಸಾರ್ಥಕ?

ಮೂರನೇದು: ಹುಬ್ಬಳ್ಳಿಯೊಳಗ ಹಳೇ ಸಾಮಾನಿನವರ ಹತ್ರ ಭಾರತದಾಗ ಒತ್ತಿದ ಬೀಟಲ್ಸ್ ರೆಕಾರ್ಡ್ ಅವ, 78ರ ವೇಗದ್ದೂ ಒಂದದ. ತಗೋಳೂ ಮುಂದ ಏನೇನು ನೋಡಬೇಕು?

ವಿದ್ಯಾನಗರ_ಚಾರ್ಟು (ಹುಬ್ಬಳ್ಳಿ)

ಲೆಕ್ಕದ ಮಾತು ನಾನು ಹೇಳ್ತೀನಿ, ಉಳಿದದ್ದು ಬಲ್ಲವರು ಹೇಳಲಿ.

ಅರವತ್ತರ ದಶಕದಲ್ಲಿ ಬ್ರಿಟನ್ನಿಗೆ ಒಂದೇ ಅಧಿಕೃತ ಪಟ್ಟಿ ಅಂತ ಇರಲೇ ಇಲ್ಲ. ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್, ಮೆಲೊಡಿ ಮೇಕರ್, ಡಿಸ್ಕ್, ರೆಕಾರ್ಡ್ ರಿಟೇಲರ್: ಪ್ರತಿಯೊಂದು ಪತ್ರಿಕೆಯೂ ತಾನು ಗೊತ್ತುಮಾಡಿಕೊಂಡ ಅಂಗಡಿಗಳಿಂದ ತಾನೇ ಲೆಕ್ಕ ತರಿಸುತ್ತಿತ್ತು. ಬಿಬಿಸಿ ಇವುಗಳ ಸರಾಸರಿ ತೆಗೆದು ಓದುತ್ತಿತ್ತು. ಒಂದೇ ಪಟ್ಟಿ ಬಂದದ್ದು 1969ರ ಫೆಬ್ರವರಿಯಲ್ಲಿ, ಬಿಎಂಆರ್‌ಬಿ ಅನ್ನುವ ಮಾರುಕಟ್ಟೆ ಸಮೀಕ್ಷೆಯ ಸಂಸ್ಥೆ ಆ ಕೆಲಸ ಹಿಡಿದ ಮೇಲೆ. ಅದಕ್ಕೆ ಮುಂಚಿನ ವರ್ಷಗಳಿಗೆ, 1960ರ ಮಾರ್ಚಿನಿಂದ, ರೆಕಾರ್ಡ್ ರಿಟೇಲರ್ ಪಟ್ಟಿಯನ್ನೇ ಅಧಿಕೃತ ಅಂತ ಆಮೇಲೆ ಹಿಡಿದುಕೊಂಡರು. 1963ರಲ್ಲಿ ‘ಪ್ಲೀಸ್ ಪ್ಲೀಸ್ ಮಿ’ ಉಳಿದ ಪತ್ರಿಕೆಗಳಲ್ಲಿ ಒಂದನೇ ಸ್ಥಾನಕ್ಕೆ ಹೋಯಿತು, ರೆಕಾರ್ಡ್ ರಿಟೇಲರ್‌ನಲ್ಲಿ ಮಾತ್ರ ಎರಡಕ್ಕೇ ನಿಂತಿತು. ಮೇಲೆ ಫ್ರ್ಯಾಂಕ್ ಐಫೀಲ್ಡ್ ಕೂತಿದ್ದ. ಹಳೇ ಬರಹ ಸುಳ್ಳಲ್ಲ, ‘1’ ಸಂಕಲನದ್ದೂ ಸುಳ್ಳಲ್ಲ. ಯಾವ ಪತ್ರಿಕೆಯ ಪಟ್ಟಿ ಅಂತ ಬರೆಯದೆ ಬರೀ ನಂಬರ್ ಕೊಟ್ಟರೆ ಹೀಗೇ ಗೊಂದಲ.

ರೆಕಾರ್ಡ್ ರಿಟೇಲರ್ ಹಿಡಿದರೆ 1963ರ ‘ಫ್ರಮ್ ಮಿ ಟು ಯು’ನಿಂದ 1969ರ ‘ದ ಬ್ಯಾಲಡ್ ಆಫ್ ಜಾನ್ ಅಂಡ್ ಯೋಕೊ’ವರೆಗೆ 17. ಸಿಂಗಲ್ ಅಂದರೆ ಬದಿಗೊಂದು ಹಾಡಿನ ಸಣ್ಣ ರೆಕಾರ್ಡ್; ಎರಡೂ ಬದಿ ಮುಖ್ಯವಾದ ಸಿಂಗಲ್‌ಗೆ, ಉದಾಹರಣೆಗೆ ‘ಡೇ ಟ್ರಿಪ್ಪರ್’ ಮತ್ತು ‘ವಿ ಕ್ಯಾನ್ ವರ್ಕ್ ಇಟ್ ಔಟ್’, ಒಂದೇ ಲೆಕ್ಕ. 2023ರ ನವೆಂಬರಿನಲ್ಲಿ ‘ನೌ ಅಂಡ್ ದೆನ್’ ಒಂದನೇ ಸ್ಥಾನಕ್ಕೆ ಬಂತು, ಅದು 18ನೆಯದು. ಅಂದರೆ 17 ಅಂತ ಬರೆದದ್ದು 2023ಕ್ಕೆ ಮುಂಚಿನ ಬರಹ, ಅಷ್ಟೇ.

ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ನಿಯಮವೇ ಬೇರೆ. ಅಲ್ಲಿ ಆಗ ಸಿಂಗಲ್‌ನ ಎರಡು ಬದಿಗೆ ಎರಡು ಸ್ಥಾನ. ‘ವಿ ಕ್ಯಾನ್ ವರ್ಕ್ ಇಟ್ ಔಟ್’ 1, ಅದರ ಬೆನ್ನಿಗಿದ್ದ ‘ಡೇ ಟ್ರಿಪ್ಪರ್’ 5. ‘ಪೆನಿ ಲೇನ್’ 1, ‘ಸ್ಟ್ರಾಬೆರಿ ಫೀಲ್ಡ್ಸ್’ 8. ‘ಯೆಲ್ಲೋ ಸಬ್‌ಮರೀನ್’ 2, ‘ಎಲಿನರ್ ರಿಗ್ಬಿ’ 11. ಹೀಗಾಗಿ ಬ್ರಿಟನ್ನಿನಲ್ಲಿ ಮೇಲಿದ್ದ ಆ ಜೋಡಿ ಅಮೆರಿಕದ ಇಪ್ಪತ್ತರಲ್ಲಿ ಬರುವುದಿಲ್ಲ. 1969ರ ನವೆಂಬರ್ 29ರ ಸಂಚಿಕೆಯಿಂದ ಬಿಲ್‌ಬೋರ್ಡ್ ಎರಡೂ ಬದಿ ಕೂಡಿಸಿ ಎಣಿಸತೊಡಗಿತು. ‘ಕಮ್ ಟುಗೆದರ್’ ಮತ್ತು ‘ಸಮ್‌ಥಿಂಗ್’ ಜೋಡಿ ಅದೇ ವಾರ ಒಂದನೇ ಸ್ಥಾನಕ್ಕೆ ಏರಿತು. ಲಾಭ ಯಾರಿಗಾಯಿತು ನೋಡ್ರಿ.

ಈಗ 27. ಅಮೆರಿಕದ 20ರಲ್ಲಿ ‘ಕಮ್ ಟುಗೆದರ್’ ಜೋಡಿಯ ಎರಡೂ ಹಾಡನ್ನು ಸಂಕಲನ ತೆಗೆದುಕೊಂಡಿರುವುದರಿಂದ ಹಾಡು 21. ಬ್ರಿಟನ್ನಿನಲ್ಲಿ ಮಾತ್ರ ಮೇಲೆ ಹೋದವು 6: ‘ಫ್ರಮ್ ಮಿ ಟು ಯು’, ‘ಡೇ ಟ್ರಿಪ್ಪರ್’, ‘ಯೆಲ್ಲೋ ಸಬ್‌ಮರೀನ್’, ‘ಎಲಿನರ್ ರಿಗ್ಬಿ’, ‘ಲೇಡಿ ಮಡೋನಾ’, ‘ಬ್ಯಾಲಡ್’. ಕೂಡಿಸ್ರಿ. ‘ಪೆನಿ ಲೇನ್’ ಬ್ರಿಟನ್ನಿನಲ್ಲಿ ಎಂಗಲ್‌ಬರ್ಟ್ ಹಂಪರ್‌ಡಿಂಕ್‌ನ ಹಾಡಿನ ಕೆಳಗೆ ಎರಡನೆಯದಾಗಿ ಉಳಿದರೂ ಈ ಸಂಕಲನದಲ್ಲಿರುವುದು ಅಮೆರಿಕದ ಲೆಕ್ಕದಿಂದ.

ಟಿಪ್ಪಣಿಗೆ ಇನ್ನೊಂದು ಸಂಗತಿ ಬೇಕಿದ್ದರೆ 1964ರ ಏಪ್ರಿಲ್ 4ರ ಬಿಲ್‌ಬೋರ್ಡ್ ಪಟ್ಟಿ ಹಾಕ್ರಿ. ಮೊದಲ ಐದೂ ಇವರದೇ: ‘ಕಾಂಟ್ ಬೈ ಮಿ ಲವ್’, ‘ಟ್ವಿಸ್ಟ್ ಅಂಡ್ ಶೌಟ್’, ‘ಶೀ ಲವ್ಸ್ ಯು’, ‘ಐ ವಾಂಟ್ ಟು ಹೋಲ್ಡ್ ಯುವರ್ ಹ್ಯಾಂಡ್’, ‘ಪ್ಲೀಸ್ ಪ್ಲೀಸ್ ಮಿ’. ಇದನ್ನು ಬರೀ ಜನಪ್ರಿಯತೆ ಅಂತ ಓದಬಾರದು. ಅಮೆರಿಕದ ಕ್ಯಾಪಿಟಲ್ ರೆಕಾರ್ಡ್ ಕಂಪನಿ 1963ರಲ್ಲಿ ಇವರನ್ನು ಬೇಡ ಅಂದಿದ್ದಕ್ಕೆ ಹಕ್ಕು ವೀ-ಜೇ, ಸ್ವಾನ್ ತರಹದ ಸಣ್ಣ ಕಂಪನಿಗಳಿಗೆ ಹಂಚಿಹೋಗಿತ್ತು. ಜ್ವರ ಏರಿದ ಕೂಡಲೇ ಎಲ್ಲರೂ ತಮ್ಮ ತಮ್ಮ ಹಳೇ ಸರಕನ್ನು ಒಂದೇ ಸಲ ಪೇಟೆಗೆ ಸುರಿದರು. ಒಂದೇ ಕಂಪನಿ ಕೈಯಲ್ಲಿದ್ದಿದ್ದರೆ ಒಂದಾದ ಮೇಲೆ ಒಂದು ಬಿಡುತ್ತಿತ್ತು, ಆ ಐದು ಒಟ್ಟಿಗೆ ಬರುತ್ತಿರಲಿಲ್ಲ.

ಮಾಳಮಡ್ಡಿ_ಮೋನೊ (ಧಾರವಾಡ)

ಖರೀದಿ ವಿಷಯ. ಮೊದಲ ಒಂದು ಮಾತು ತಿಳ್ಕೋರಿ: ಮಾಸ್ಟರಿಂಗ್ ಬ್ಯಾರೆ, ಮಿಕ್ಸ್ ಬ್ಯಾರೆ. 2009ರದ್ದು ಹಳೇ ಮಿಕ್ಸ್ ಟೇಪನ್ನೇ ಸ್ವಚ್ಛ ಮಾಡಿದ್ದು. 2017ರ ‘ಸಾರ್ಜೆಂಟ್ ಪೆಪ್ಪರ್’, 2018ರ ‘ವೈಟ್ ಆಲ್ಬಮ್’, 2019ರ ‘ಅಬ್ಬಿ ರೋಡ್’, 2021ರ ‘ಲೆಟ್ ಇಟ್ ಬಿ’, 2022ರ ‘ರಿವಾಲ್ವರ್’ ಇವು ಬೀಟಲ್ಸ್ ರೆಕಾರ್ಡಿನ ನಿರ್ಮಾಪಕ ಜಾರ್ಜ್ ಮಾರ್ಟಿನ್‌ನ ಮಗ ಜೈಲ್ಸ್ ಮಾರ್ಟಿನ್ ಹೊಸದಾಗಿ ಮಿಕ್ಸ್ ಮಾಡಿದ್ದು. ವಾದ್ಯ, ಕಂಠ ಎಲ್ಲಾ ಮತ್ತ ಹೊಂದಿಸಿದ್ದು. 1960ರ ದಶಕದ ಮಂದಿ ಕೇಳಿದ್ದು ಇದಲ್ಲ. ಛಲೋ ಅವ, ಆದ್ರ ಇತಿಹಾಸದ ಬೈಠಕ್ಕಿಗೆ ಮೊದಲನೇ ಪ್ರತಿ ಅಂತ ಇವನ್ನ ತಗೋಬ್ಯಾಡ್ರಿ.

1987ರ ಸಿಡಿ ಈಗ ಅಗ್ಗ. ಅದರಾಗ ಮೊದಲ ನಾಲ್ಕು ಆಲ್ಬಮ್ ಮೋನೊ ಮಾತ್ರ, ಅಂದ್ರ ಎಡ ಬಲ ಅಂತ ಬೇರ್ಪಡಿಸದ ಎಲ್ಲಾ ಧ್ವನಿ ಒಂದರಾಗ. ‘ಹೆಲ್ಪ್!’, ‘ರಬ್ಬರ್ ಸೋಲ್’ ಎರಡನ್ನೂ ಜಾರ್ಜ್ ಮಾರ್ಟಿನ್ ಸಿಡಿಗಂತನ ಮತ್ತ ಮಿಕ್ಸ್ ಮಾಡಿದ. 2009ರ ಸ್ಟೀರಿಯೊ ಸಿಡಿಯೊಳಗೂ ಆ ಎರಡಕ್ಕ ಅದೇ ಮಿಕ್ಸ್ ಅದ. 1965ರ ಮೂಲ ಸ್ಟೀರಿಯೊ ಬೇಕಂದ್ರ ಅದು ಮೋನೊ ಬಾಕ್ಸಿನ ಸಿಡಿಯೊಳಗ ಮೋನೊದ ಹಿಂದನ ಸಿಗ್ತದ. ವಿಚಿತ್ರ, ಆದ್ರ ಹಂಗ ಮಾಡ್ಯಾರ.

ನನ್ನ ಶಿಫಾರಸು 2009ರ ಮೋನೊ ಬಾಕ್ಸ್. ಕಾರಣ ಹೇಳ್ತೀನಿ. ಮೊದಲ ಎರಡು ಆಲ್ಬಮ್ ಎರಡೇ ಟ್ರ್ಯಾಕಿನ (ಟೇಪಿನ ಮ್ಯಾಲ ಎರಡೇ ಧ್ವನಿಸಾಲು ಹಿಡಿಯೂ) ಯಂತ್ರದ ಮ್ಯಾಲ ಆದವು, ನಾಲ್ಕು ಟ್ರ್ಯಾಕ್ ಬಂದದ್ದು 1963ರ ಅಕ್ಟೋಬರದಾಗ. ಎರಡು ಟ್ರ್ಯಾಕನ್ನ ಸ್ಟೀರಿಯೊ ಮಾಡಿದ್ರ ಎಡಕ್ಕ ವಾದ್ಯ, ಬಲಕ್ಕ ಕಂಠ, ನಡುವ ಖಾಲಿ. ಹೆಡ್‌ಫೋನ್ ಹಾಕ್ಕೊಂಡ್ರ ತಲಿ ನೋವು. ಮೇಲಾಗಿ ಆಗ ಮನಿ ಮನಿಯೊಳಗ ಇದ್ದದ್ದು ಮೋನೊ ಪ್ಲೇಯರ್. ತಂಡದವರು ಖುದ್ದು ಕೂತು ಒಪ್ಪಿದ್ದು ಮೋನೊ ಮಿಕ್ಸನ್ನ, ಸ್ಟೀರಿಯೊ ಬಹುತೇಕ ಇಂಜಿನಿಯರ್‌ಗಳು ಆಮ್ಯಾಲ ಮುಗಿಸಿದ್ದು. ವ್ಯತ್ಯಾಸ ಕಿವಿಗೆ ಗೊತ್ತಾಗ್ತದ: ‘ಶೀಸ್ ಲೀವಿಂಗ್ ಹೋಮ್’ ಮೋನೊದಾಗ ವೇಗ ಹೆಚ್ಚು, ಶ್ರುತಿ ಏರು. ‘ಹೆಲ್ಟರ್ ಸ್ಕೆಲ್ಟರ್’ ಮೋನೊದಾಗ ಸಣ್ಣದು, ಕೊನೀಗೆ ಡ್ರಮ್ಮು ಬಾರಿಸೂ ರಿಂಗೊ ತನ್ನ ಬೆರಳಿಗೆ ಗುಳ್ಳಿ ಎದ್ದಾವ ಅಂತ ಕೂಗೂದು ಸ್ಟೀರಿಯೊದಾಗ ಮಾತ್ರ. ಬೈಠಕ್ಕಿಗೆ ಈ ಎರಡನ್ನ ಬೆನ್ನಿಗೆ ಬೆನ್ನು ಹಚ್ಚಿ ಕೇಳಸ್ರಿ, ಅರ್ಧ ಭಾಷಣ ಉಳೀತದ.

ಮೋನೊ ಬಾಕ್ಸಿನ್ಯಾಗ ‘ಯೆಲ್ಲೋ ಸಬ್‌ಮರೀನ್’, ‘ಅಬ್ಬಿ ರೋಡ್’, ‘ಲೆಟ್ ಇಟ್ ಬಿ’ ಆಲ್ಬಮ್ ಇಲ್ಲ. ಕೊನೇ ಎರಡಕ್ಕ ಮೋನೊ ಮಿಕ್ಸ್ ಆಗೇ ಇಲ್ಲ. ಆ ಮೂರನ್ನ 2009ರ ಸ್ಟೀರಿಯೊದಾಗ ಬಿಡಿಯಾಗಿ ತಗೋರಿ.

ಬಾಕ್ಸ್ ಬಿಟ್ಟು ಬಿಡಿ ಬಿಡಿ ಆಲ್ಬಮ್ ತಗೊಂಡ್ರ ‘ಪಾಸ್ಟ್ ಮಾಸ್ಟರ್ಸ್’ ಮರೀಬ್ಯಾಡ್ರಿ. ಬ್ರಿಟನ್ನಿನ್ಯಾಗ ಸಿಂಗಲ್ ಹಾಡನ್ನ ಆಲ್ಬಮ್‌ದಾಗ ಹಾಕೂದು ಕಡಿಮಿ, ಕೊಂಡವರು ಎರಡು ಸಲ ರೊಕ್ಕ ಕೊಡಬಾರದು ಅಂತ. ‘ಶೀ ಲವ್ಸ್ ಯು’, ‘ಹೇ ಜೂಡ್’ ಯಾವ ಮೂಲ ಆಲ್ಬಮ್ಮಿನ್ಯಾಗೂ ಇಲ್ಲ. ಈ 33 ಹಾಡಿನ ಸಂಗ್ರಹದಾಗ ಅವ.

ಎಲ್‌ಪಿನ ಬೇಕಂದ್ರ 2012ರ ಸ್ಟೀರಿಯೊ ಒತ್ತಿದ್ದು ಡಿಜಿಟಲ್ ಫೈಲಿನಿಂದ, 24 ಬಿಟ್, 44.1 ಕಿಲೊಹರ್ಟ್ಸ್. 2014ರ ಮೋನೊ ಎಲ್‌ಪಿ ಮಾತ್ರ ಮೂಲ ಟೇಪಿನಿಂದ ನೇರ ಕೊರದದ್ದು, ನಡುವ ಕಂಪ್ಯೂಟರ್ ಇಲ್ಲ. ಎರಡರ ಹೊದಿಕಿ ಹೆಚ್ಚುಕಡಿಮಿ ಒಂದೇ ನಮೂನಿ ಕಾಣ್ತದ, ಜಾಹೀರಾತು ನೋಡಿ ತಗೋಳವರು ವರ್ಷ ಕೇಳ್ರಿ. ಹೊರದೇಶದಿಂದ ತರಸ್ತಿದ್ರ ಕಸ್ಟಮ್ಸ್ ಮತ್ತು ಕೊರಿಯರ್ ಕೂಡಿಸಿ ದರ ಕೇಳಿಕೊಂಡ ಮ್ಯಾಲ ಆರ್ಡರ್ ಮಾಡ್ರಿ.

ಗದಗ_ಎಪ್ಪತ್ತೆಂಟು

ಭಾರತದ ಒತ್ತು ಬಗ್ಗೆ. ಇವೆಲ್ಲಾ ಕಲ್ಕತ್ತಾದ ಡಂ ಡಂ ಕಾರ್ಖಾನೆಯೊಳಗ ಗ್ರಾಮಫೋನ್ ಕಂಪನಿ ಒತ್ತಿದ್ದು. ನಮ್ಮ ಕಡೆ ಮನಿಯೊಳಗಿರೂ ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ಲ ರೆಕಾರ್ಡೂ ಅಲ್ಲಿಂದನ ಬಂದಾವು. ಹಿಂಗಾಗಿ ಗುಣ ದೋಷ ಎರಡೂ ನಿಮಗ ಪರಿಚಯದ್ದ ಐತಿ: ಕೊರೆತ ಛಲೋ, ಪ್ಲಾಸ್ಟಿಕ್ಕು ಅಷ್ಟಕ್ಕಷ್ಟ.

78ರ ವೇಗದ್ದನ್ನ ಬಿಡಬ್ಯಾಡ್ರಿ. ಬ್ರಿಟನ್ನಿನ್ಯಾಗ 78 ಒತ್ತೂದು 1960ರ ಸುಮಾರಿಗೇ ನಿಂತಿತ್ತು, ಆದ್ದರಿಂದ ಅಲ್ಲಿ ಬೀಟಲ್ಸ್ 78 ಇಲ್ಲ. ನಮ್ಮಲ್ಲಿ ಹಳ್ಳಿಯೊಳಗ ಕೀಲಿ ಕೊಡೂ ಗ್ರಾಮಫೋನ್ ಇನ್ನೂ ನಡೀತಿದ್ವು, ಅದಕ್ಕ ಅರವತ್ತರ ದಶಕದ ನಡುಮಧ್ಯದ ತನಕ ಇಲ್ಲಿ ಬಂದವು. ಹೊರದೇಶದ ಸಂಗ್ರಾಹಕರು ಹುಡುಕೂದು ಇದಕ್ಕ.

ತಗೋಳೂ ಮುಂದ ಹಿಂಗ ನೋಡ್ರಿ. ರೆಕಾರ್ಡನ್ನ ಬೆಳಕಿಗೆ ಓರೆ ಹಿಡೀರಿ. ಅಂಚಿನಿಂದ ಲೇಬಲ್ ಕಡೆ ಕೂದಲೆಳೆಯಂಥಾ ಬಿರುಕು ಇದ್ರ ಕೈ ಬಿಡ್ರಿ. ಲೇಬಲ್ ಹಿಡಕೊಂಡು ಅಂಚಿಗೆ ಬೆರಳಿಂದ ಹಗೂರ ತಟ್ರಿ: ಗಟ್ಟಿ ಇದ್ರ ನಾದ ಬರತೈತಿ, ಬಿರುಕಿದ್ರ ಸಪ್ಪಗ ತಟ್ ಅಂತೈತಿ. ಗೆರಿ ಬೂದುಬಣ್ಣ ತಿರುಗಿದ್ರ ಉಕ್ಕಿನ ಪಿನ್ನು ತಿಂದೈತಿ ಅಂತ ಅರ್ಥ, ಅದು ತೊಳದ್ರ ಹೋಗೂದಿಲ್ಲ.

ಎಲ್‌ಪಿ ಇದ್ರ ಹಾಡು ಮುಗಿದ ಮ್ಯಾಲಿನ ಖಾಲಿ ಜಾಗದಾಗ ಕೊರೆದ ನಂಬರ್ ಓದ್ರಿ. ಮೋನೊಕ್ಕ ಎಕ್ಸ್‌ಇಎಕ್ಸ್, ಸ್ಟೀರಿಯೊಕ್ಕ ವೈಇಎಕ್ಸ್, ಮುಂದ ಅಂಕಿ, ಕೊನೀಗೆ 1, 2 ಅಂತ ಕೊರೆತದ ಸಂಖ್ಯೆ. ಬ್ರಿಟನ್ ಒತ್ತಿನ್ಯಾಗ ಆ ನಂಬರನ್ನ ಕೆಳಗ ಮಾಡಿ ಹಿಡದ್ರ ಎಡಕ್ಕ ಮದರ್ ಸಂಖ್ಯೆ, ಬಲಕ್ಕ ಸ್ಟ್ಯಾಂಪರ್ ಅಕ್ಷರ. ಸ್ಟ್ಯಾಂಪರ್ ಅಂದ್ರ ರೆಕಾರ್ಡ್ ಒತ್ತೂ ಅಚ್ಚು, ಮದರ್ ಅಂದ್ರ ಆ ಅಚ್ಚು ತಯಾರಾಗೂ ತಟ್ಟೆ. ಅಕ್ಷರಕ್ಕ ಲೆಕ್ಕ ಹಿಂಗ: ಜಿ 1, ಆರ್ 2, ಎ 3, ಎಂ 4, ಒ 5, ಪಿ 6, ಎಚ್ 7, ಎಲ್ 8, ಟಿ 9, ಡಿ 0. ‘ಆರ್‌ಜಿ’ ಅಂದ್ರ 21ನೇ ಸ್ಟ್ಯಾಂಪರ್. ಅಂಕಿ ಸಣ್ಣದಿದ್ದಷ್ಟು ಒತ್ತು ಹಳೇದು. ‘ಮೊದಲ ಒತ್ತು’ ಅಂತ ಹೆಚ್ಚಿನ ದರ ಹೇಳಿದ್ರ ಲೇಬಲ್ ನೋಡಿ ನಂಬಬ್ಯಾಡ್ರಿ, ಇದನ್ನ ನೋಡ್ರಿ. ‘ರಿವಾಲ್ವರ್’ ಮೋನೊದಾಗ ಎಕ್ಸ್‌ಇಎಕ್ಸ್ 606-1 ಸಿಕ್ರ ಕೊನೇ ಹಾಡಿಗೆ ಬ್ಯಾರೇನ ಮಿಕ್ಸ್ ಐತಿ, ಕೂಡಲೇ ಬದಲಿಸಿದ್ರು.

ಸೂಜಿ: 78ಕ್ಕ 3 ಮಿಲ್ (ಮಿಲ್ ಅಂದ್ರ ಇಂಚಿನ ಸಾವಿರದಾಗ ಒಂದು ಪಾಲು) ತುದಿ ಬೇಕು, ಈಗಿನ ಎಲ್‌ಪಿ ಸೂಜಿ ಸುಮಾರು 0.7 ಮಿಲ್. ಎಲ್‌ಪಿ ಸೂಜಿ 78ರ ಗೆರಿಯ ತಳಕ್ಕ ಕೂತು ಬರೀ ಸದ್ದು ಎತ್ತತೈತಿ. ಗ್ರಾಮಫೋನಿಗೆ ಹಾಕೂದಿದ್ರ ಪ್ರತಿ ಬದಿಗೂ ಹೊಸಾ ಪಿನ್ನು, ತಪ್ಪಿಸಬ್ಯಾಡ್ರಿ.

ತೊಳಿಯೂದು: 78 ಅರಗಿನದು, ಸ್ಪಿರಿಟ್ ಹತ್ತಿದ್ರ ಮೈ ಕರಗತೈತಿ. ಡಿಸ್ಟಿಲ್ಡ್ ನೀರು ಒಂದು ಲೀಟರ್, ಪಾತ್ರಿ ತೊಳಿಯೂ ಲಿಕ್ವಿಡ್ ಎರಡು ಹನಿ, ಮೆತ್ತಗಿನ ಬಟ್ಟಿ, ಗೆರಿಯ ದಿಕ್ಕಿನ್ಯಾಗ ಒರಸ್ರಿ, ಆಮ್ಯಾಲ ಬರೀ ಡಿಸ್ಟಿಲ್ಡ್ ನೀರಿಂದ ಮತ್ತೊಮ್ಮೆ. ಬೋರಿನ ನೀರು ಬ್ಯಾಡ, ಒಣಗಿದ ಮ್ಯಾಲ ಗೆರಿಯೊಳಗ ಬಿಳೇ ಉಪ್ಪು ಕೂಡತೈತಿ. ಲೇಬಲ್ ತೋಯಬಾರದು.

ಸಾಧನಕೇರಿ_ಕೇಳುಗ (ಧಾರವಾಡ)

ಭಾಳ ಉಪಕಾರ ಆತ್ರೀ. ಇನ್ನೊಂದು: ‘ಸಾರ್ಜೆಂಟ್ ಪೆಪ್ಪರ್’ ಬ್ರಿಟನ್ನಿನ ಆಲ್ಬಮ್ ಪಟ್ಟಿಯೊಳಗ 27 ವಾರ ಮೇಲಿತ್ತು ಅಂತ ಒಬ್ಬರು, 28 ಅಂತ ಒಬ್ಬರು. ಹಂಗ 2009ರಾಗ ಅಷ್ಟು ಸಿಡಿ ಮಾರಿದ್ರೂ ಅಮೆರಿಕದ ಮುಖ್ಯ ಆಲ್ಬಮ್ ಪಟ್ಟಿಯೊಳಗ ಬೀಟಲ್ಸ್ ಹೆಸರ ಕಾಣವಲ್ದು. ಯಾಕ?

ವಿದ್ಯಾನಗರ_ಚಾರ್ಟು (ಹುಬ್ಬಳ್ಳಿ)

ಬ್ರಿಟನ್ನಿನಲ್ಲಿ ಅದೇ ಹೆಸರಿನ ಮರುಮುದ್ರಣ ಬಂದರೆ ಹಳೇ ಆಲ್ಬಮ್ಮಿನ ಖಾತೆಗೇ ಜಮಾ. ಮೂಲ ಓಟದಲ್ಲಿ 27 ವಾರ, 2017ರಲ್ಲಿ 50ನೇ ವರ್ಷದ ಆವೃತ್ತಿ ಬಂದಾಗ ಒಂದು ವಾರ, ಒಟ್ಟು 28. ‘ಅಬ್ಬಿ ರೋಡ್’ ಹಾಗೆಯೇ 17ರಿಂದ 2019ರಲ್ಲಿ 18 ಆಯಿತು. ಒಂದೇ ವಾರ ಯಾಕೆ ಅಂದರೆ, ಕಾಯ್ದು ಕೂತ ಅಭಿಮಾನಿಗಳು ಬಾಕ್ಸ್, ಎಲ್‌ಪಿ, ಸಿಡಿ ಎಲ್ಲವನ್ನೂ ಬಿಡುಗಡೆಯ ವಾರವೇ ಕೊಂಡುಬಿಡುತ್ತಾರೆ. ಮುಂದಿನ ವಾರಕ್ಕೆ ಉಳಿಯುವುದು ಸ್ಟ್ರೀಮಿಂಗ್, ಅದರಲ್ಲಿ ಒಂದು ಆಲ್ಬಮ್ ಮಾರಾಟಕ್ಕೆ ಸಮ ಆಗಲು ಚಂದಾದಾರರ ಸ್ಟ್ರೀಮ್ ಸಾವಿರ ಬೇಕು.

ಅಮೆರಿಕದ ವಿಷಯ ನಿಯಮದ್ದು. 2009ರ ಸೆಪ್ಟೆಂಬರಿನಲ್ಲಿ ಬಿಲ್‌ಬೋರ್ಡ್ 200ರಲ್ಲಿ ಹಳೇ ಆಲ್ಬಮ್ಮಿಗೆ ಪ್ರವೇಶ ಇರಲಿಲ್ಲ, ಅವಕ್ಕೆ ಕ್ಯಾಟಲಾಗ್ ಪಟ್ಟಿ ಬೇರೆ. ಆ ನಿಯಮ ತೆಗೆದದ್ದು ಅದೇ ವರ್ಷದ ಡಿಸೆಂಬರ್ 5ರ ಸಂಚಿಕೆಯಿಂದ. ಮೂರು ತಿಂಗಳು ತಡ. 2000ದ ‘1’ ಹೊಸ ಸಂಕಲನ, ಹಾಗಾಗಿ ಅದಕ್ಕೆ ಈ ಅಡ್ಡಿ ಇರಲಿಲ್ಲ, ನೇರ ಒಂದನೇ ಸ್ಥಾನಕ್ಕೆ ಹೋಯಿತು.

ಹಾವೇರಿ_ಇಪಿ

ಒಂದು ಸೇರಿಸ್ತೀನಿ. ‘ಮ್ಯಾಜಿಕಲ್ ಮಿಸ್ಟರಿ ಟೂರ್’ 1967ರಲ್ಲಿ ಬ್ರಿಟನ್ನಿಗೆ ಎರಡು ಇಪಿ (ಸಿಂಗಲ್‌ಗಿಂತ ಹೆಚ್ಚು, ಎಲ್‌ಪಿಗಿಂತ ಕಡಿಮೆ ಹಾಡಿನ ಸಣ್ಣ ರೆಕಾರ್ಡ್), ಅಮೆರಿಕಕ್ಕೆ ಎಲ್‌ಪಿ. ಇಪಿ ಆದದ್ದಕ್ಕೆ ಅದು ಸಿಂಗಲ್ ಪಟ್ಟಿಯಲ್ಲಿ ಓಡಿತು, ಎರಡನೇ ಸ್ಥಾನದಲ್ಲಿ ನಿಂತಿತು. ಅದನ್ನು ಮೇಲೆ ಬಿಡದೆ ತಡೆದದ್ದು ಇವರದೇ ‘ಹಲೋ ಗುಡ್‌ಬೈ’.

ಇದರ ಹಳೇ ಅಮೆರಿಕನ್ ಸ್ಟೀರಿಯೊ ಎಲ್‌ಪಿ ಯಾರಾದರೂ ಕೊಡ್ತೀವಿ ಅಂದರೆ ಸ್ವಲ್ಪ ತಡೀರಿ: ‘ಪೆನಿ ಲೇನ್’, ‘ಬೇಬಿ ಯು ಆರ್ ಎ ರಿಚ್ ಮ್ಯಾನ್’, ‘ಆಲ್ ಯು ನೀಡ್ ಈಸ್ ಲವ್’ ಮೂರೂ ಅದರಲ್ಲಿ ನಕಲಿ ಸ್ಟೀರಿಯೊ. ಮೋನೊ ಟೇಪನ್ನೇ ಒಂದು ಕಡೆ ದಪ್ಪ ಧ್ವನಿ, ಇನ್ನೊಂದು ಕಡೆ ತೆಳು ಧ್ವನಿ ಮಾಡಿ ಹಂಚಿದ್ದು. 1971ರ ಜರ್ಮನ್ ಒತ್ತಿನಲ್ಲಿ ಮೂರೂ ನಿಜವಾದ ಸ್ಟೀರಿಯೊ.

ಮಾಳಮಡ್ಡಿ_ಮೋನೊ (ಧಾರವಾಡ)

ಹೌದು, ಅದು ಖರೆ. ಸ್ಟ್ರೀಮಿಂಗ್‌ನಿಂದ ಕೇಳಸೂದಿದ್ರ ಇದೂ ನೋಡ್ರಿ: ಒಂದೇ ಆಲ್ಬಮ್ಮಿಗೆ 2009ರ ರಿಮಾಸ್ಟರ್, ಹೊಸ ರಿಮಿಕ್ಸ್ ಎರಡೂ ಇರ್ತಾವ. ಹಾಡಿನ ಹೆಸರಿನ ಮುಂದ ‘ರಿಮಾಸ್ಟರ್ಡ್ 2009’ ಅಂತ ಇದ್ದದ್ದನ್ನ ಹಚ್ಚರಿ. ‘2017 ಮಿಕ್ಸ್’, ‘2022 ಮಿಕ್ಸ್’ ಅಂತ ಇದ್ದದ್ದು ಹೊಸಾದು. ಬೈಠಕ್ಕಿನ ಹಿಂದಿನ ದಿನನ ಹಾಡು ಇಳಿಸಿಕೊಂಡು ಆಫ್‌ಲೈನ್ ಇಟ್ಕೋರಿ, ಮತ್ತ ಆ್ಯಪಿನ ಸೆಟ್ಟಿಂಗ್‌ನಾಗ ಧ್ವನಿಮಟ್ಟ ಸಮ ಮಾಡೂ ಆಯ್ಕೆ ಬಂದ್ ಮಾಡ್ರಿ. ಇಲ್ಲಂದ್ರ ಒಂದೊಂದು ಹಾಡಿನ ಮಟ್ಟಾನ ಆ್ಯಪ್ ತನ್ನಷ್ಟಕ್ಕ ಏರಿಸಿ ಇಳಿಸಿ, ಎರಡು ಮಾಸ್ಟರಿಂಗಿನ ಮಟ್ಟದ ಫರಕು ಕೇಳಸೂದಿಲ್ಲ.