ಫಾಲ್ಸ್ ನೈನ್ ಹಿಂದೆ ಬಂದರೆ ಮುಂದೆ ಯಾರು ಓಡಬೇಕು?

ಕೆಮ್ಮಣ್ಣು ಕೋಚ್, ಧಾರವಾಡ
ಸಂಜೆ ಹೊತ್ತು ಹದಿಮೂರು–ಹದಿನಾಲ್ಕು ವರ್ಷದ ಹುಡುಗರಿಗೆ ಫುಟ್‌ಬಾಲ್ ಕಲಿಸುತ್ತೇನೆ. 4-3-3 ಆಡಿಸುತ್ತೇವೆ, ಅಂದರೆ ಹಿಂದೆ ನಾಲ್ವರು, ನಡುವೆ ಮೂವರು, ಮುಂದೆ ಮೂವರು. ನಮ್ಮ 9ನೇ ನಂಬರಿನ ಹುಡುಗ, ಅಂದರೆ ಮುಂದೆ ನಡುವೆ ಆಡುವ ಸ್ಟ್ರೈಕರ್, ಗಿಡ್ಡ, ಆದರೆ ಚೆಂಡು ಕಾಲಿಗೆ ಅಂಟಿಕೊಂಡ ಹಾಗೆ ಆಡುತ್ತಾನೆ. ಅದಕ್ಕೇ ಅವನನ್ನು ಫಾಲ್ಸ್ ನೈನ್ ಮಾಡಿದೆ, ಅಂದರೆ ಮುಂದೆಯೇ ನಿಲ್ಲದೆ ಹಿಂದೆ ಬಂದು ಚೆಂಡು ತಗೊಳ್ಳುವ ಸ್ಟ್ರೈಕರ್.

ಭಾನುವಾರ ಚೆಂಡು ಜಾಸ್ತಿ ನಮ್ಮ ಹತ್ತಿರವೇ ಇತ್ತು, ಆದರೂ 2-0 ಸೋತೆವು. ಒಂದು ಗಳಿಗೆ ಇನ್ನೂ ಕಣ್ಣಮುಂದೆ ಇದೆ. ಅವನು ಸೆಂಟರ್ ಸರ್ಕಲ್ ತನಕ ಬಂದು ಚೆಂಡು ತಗೊಂಡ, ತಿರುಗಿದ, ತಲೆ ಎತ್ತಿದ. ಮುಂದೆ ನಮ್ಮವರು ಒಬ್ಬರೂ ಇಲ್ಲ. ಎಡ-ಬಲ ಬದಿಯಲ್ಲಿ ಆಡುವ ಇಬ್ಬರು ವಿಂಗರ್‌ಗಳೂ ಬದಿಯ ಸುಣ್ಣದ ಗೆರೆ ಮೇಲೆ ನಿಂತು ಕೈ ಎತ್ತಿ ಚೆಂಡು ಕೇಳುತ್ತಿದ್ದಾರೆ. ಹುಡುಗ ವಾಪಸ್ ಪಾಸ್ ಕೊಟ್ಟ. ಮ್ಯಾಚ್ ಮುಗಿದ ಮೇಲೆ ಅತ್ತ. ತಪ್ಪು ಅವನದಲ್ಲ. ಅವನು ಬಿಟ್ಟು ಬಂದ ಜಾಗಕ್ಕೆ ಯಾರನ್ನು ಕಳಿಸಬೇಕು?

ಎಡಗಾಲು
ಸರ್, 2009ರ ಮೇ 2ರ ಮ್ಯಾಚ್ ಹುಡುಗರಿಗೆ ತೋರಿಸಿ. ಬರ್ನಬ್ಯೂನಲ್ಲಿ ಬಾರ್ಸಿಲೋನಾ ರಿಯಲ್ ಮ್ಯಾಡ್ರಿಡ್‌ಗೆ 6-2 ಹೊಡೆದದ್ದು. ಬಾರ್ಸಿಲೋನಾ ಕೋಚ್ ಗ್ವಾರ್ಡಿಯೋಲಾ ಅವತ್ತು ಸ್ಟ್ರೈಕರ್ ಎಟೊನನ್ನು ಬಲಕ್ಕೆ ಕಳಿಸಿ ಮೆಸ್ಸಿಯನ್ನು ನಡುವೆ ಆಡಿಸಿದರು. ಎಲ್ಲರೂ ಮೆಸ್ಸಿಯನ್ನೇ ನೋಡುತ್ತಾರೆ. ನೀವು ಮ್ಯಾಡ್ರಿಡ್‌ನ ಸೆಂಟರ್ ಬ್ಯಾಕ್‌ಗಳಾದ (ನಡುವೆ ನಿಂತು ಗೋಲ್ ಕಾಯುವ ಡಿಫೆಂಡರ್‌ಗಳು) ಕನ್ನವಾರೊ ಮತ್ತು ಮೆಟ್ಸೆಲ್ಡರ್ ಕಾಲುಗಳನ್ನು ನೋಡಿ. ಮೆಸ್ಸಿ ಹಿಂದೆ ಹೋದಾಗ ಅವರು ಬೆನ್ನು ಹತ್ತಿದರೆ ಬೆನ್ನ ಹಿಂದೆ ಜಾಗ ಖಾಲಿ. ಹತ್ತದಿದ್ದರೆ ಮಿಡ್‌ಫೀಲ್ಡರ್‌ಗಳಾದ ಚಾವಿ, ಇನಿಯೆಸ್ಟಾ ಜೊತೆ ಮೆಸ್ಸಿಯೂ ಸೇರಿ ನಡುವೆ ಒಬ್ಬ ಹೆಚ್ಚಾಗುತ್ತಾನೆ.

ಆದರೆ ಆ ಖಾಲಿ ಜಾಗಕ್ಕೆ ಯಾರೂ ನುಗ್ಗದಿದ್ದರೆ ಡಿಫೆಂಡರ್‌ಗೆ ಏನು ಭಯ? ಮೊದಲು ಗೋಲ್ ಹೊಡೆದದ್ದು ಮ್ಯಾಡ್ರಿಡ್. ಅದನ್ನು ಸರಿಸಮ ಮಾಡಿದ್ದು ಬಾರ್ಸಿಲೋನಾದ ಎಡ ವಿಂಗರ್ ಹೆನ್ರಿ. ಮೆಸ್ಸಿ ಚೆಂಡನ್ನು ಡಿಫೆನ್ಸ್ ಮೇಲಿಂದ ಎತ್ತಿ ಹಾಕಿದ, ಹೆನ್ರಿ ಎಡಗಡೆಯಿಂದ ಒಳಗೆ ಓಡಿದ್ದ. ನಿಮ್ಮ ಪ್ರಶ್ನೆಗೆ ಉತ್ತರ ಆ ಓಟದಲ್ಲೇ ಇದೆ.

ಓಟ ಯಾವಾಗ ಶುರುವಾಗಬೇಕು ಅನ್ನುವುದೇ ಮುಖ್ಯ. ನಿಮ್ಮ 9 ತಿರುಗಿದ ಮೇಲಲ್ಲ. ಸೆಂಟರ್ ಬ್ಯಾಕ್ ಅವನ ಹಿಂದೆ ಮೊದಲ ಹೆಜ್ಜೆ ಇಟ್ಟ ತಕ್ಷಣ. ಹೊರಗಿನಿಂದ ಓಡಿ ಬರುವವನಿಗೆ ಚೆಂಡು, ಆಫ್‌ಸೈಡ್ ಲೈನ್ (ಪಾಸ್ ಹೊರಡುವ ಮೊದಲು ದಾಟಬಾರದ ಡಿಫೆಂಡರ್‌ಗಳ ಸಾಲು) ಎರಡೂ ಕಾಣುತ್ತವೆ. ಚೆಂಡಿನ ಮೇಲೆ ಕಣ್ಣಿಟ್ಟ ಡಿಫೆಂಡರ್‌ಗೆ ಅವನು ಕಾಣುವುದಿಲ್ಲ. ಸೈಡ್‌ಲೈನ್ ಖಾಲಿಯಾಗುತ್ತೆ ಅಂತ ಹೆದರಬೇಡಿ. ಅಲ್ಲಿಗೆ ಬದಿಯ ಡಿಫೆಂಡರ್, ಅಂದರೆ ಫುಲ್‌ಬ್ಯಾಕ್ ಬರಲಿ, ಬಾರ್ಸಾದಲ್ಲಿ ಡಾನಿ ಆಲ್ವೆಸ್ ಬರುತ್ತಿದ್ದ ಹಾಗೆ.

ಕುಡ್ಲದ ಸ್ಟಾಪರ್
ಇದು ಹಳೆಯ ವಿದ್ಯೆ ಮಾರಾಯ್ರೆ. 1953ರ ನವೆಂಬರ್ 25ರಂದು ವೆಂಬ್ಲಿಯಲ್ಲಿ ಹಂಗೇರಿ ಇಂಗ್ಲೆಂಡನ್ನು 6-3ರಿಂದ ಸೋಲಿಸಿತು. 9ನೇ ನಂಬರ್ ಅಂಗಿಯ ಹಿಡೆಗ್ಕುಟಿ ಹಿಂದೆ ನಿಂತು ಆಡಿದರು, ಪುಷ್ಕಾಶ್ ಮತ್ತು ಕೋಚಿಶ್ ಮುಂದೆ ನುಗ್ಗಿದರು. ಇಂಗ್ಲೆಂಡಿನ ಡಿಫೆಂಡರ್ ಹ್ಯಾರಿ ಜಾನ್‌ಸ್ಟನ್‌ಗೆ ಯಾರನ್ನು ಹಿಡಿಯಬೇಕೋ ಗೊತ್ತಾಗಲೇ ಇಲ್ಲ. ಹಿಡೆಗ್ಕುಟಿ ಮೂರು ಗೋಲ್ ಹೊಡೆದರು, ನೋಡಿ. ಹಿಂದೆ ಹೋದವನು ಹಿಂದೆಯೇ ಉಳಿಯಲಿಲ್ಲ. ನಾನು ಸೆಂಟರ್ ಬ್ಯಾಕ್ ಆಡಿದವನು, ಅದಕ್ಕೆ ಹೇಳುತ್ತೇನೆ: ಹಿಂದೆ ಹೋಗಿ ಅಲ್ಲೇ ಉಳಿಯುವ ಸ್ಟ್ರೈಕರ್ ನಮಗೆ ಕಷ್ಟವೇ ಅಲ್ಲ. ಪಾಸ್ ಕೊಟ್ಟು ಪುನಃ ಓಡಿ ಬರುವವನು ಕಷ್ಟ.

ಬೆಂಚಿನ ಪಕ್ಕ
ನನ್ನ ಅಭಿಪ್ರಾಯ ಬೇರೆ. ಆ ವಯಸ್ಸಿನ ಮಕ್ಕಳು ಡಿಫೆಂಡರ್‌ಗಳ ನಡುವೆ ತೂರಿಸಿ ಇಪ್ಪತ್ತೈದು ಮೀಟರ್ ಥ್ರೂ ಬಾಲ್ ಹಾಕುವುದು ಕಷ್ಟ. ಅವನು ಸೆಂಟರ್ ಸರ್ಕಲ್ ತನಕ ಬರುವುದೇ ಬೇಡ. ಏಳೆಂಟು ಹೆಜ್ಜೆ ಹಿಂದೆ ಬಂದರೆ ಸಾಕು.

ಕೆಮ್ಮಣ್ಣು ಕೋಚ್, ಧಾರವಾಡ
ಎಲ್ಲರಿಗೂ ಥ್ಯಾಂಕ್ಸ್. ಇವತ್ತೇ ಮಾಡಿಸಿದೆ. ಹಿಂದೆ ಬರುವ ಮಿತಿಗೆ ಎರಡು ಚಪ್ಪಲಿ ಇಟ್ಟೆ, ಅದನ್ನು ದಾಟಬಾರದು ಅಂದೆ. ಮೊದಲ ಆರೇಳು ಸಲ ಎಡ ವಿಂಗರ್ ಬೇಗ ಓಡಿ ಆಫ್‌ಸೈಡ್ ಆದ. "ಚೆಂಡು ನೋಡಬೇಡ, ಡಿಫೆಂಡರ್ ಮೊಣಕಾಲು ನೋಡು, ಅದು ಮುಂದಕ್ಕೆ ಬಂದಾಗ ಓಡು" ಅಂದೆ. ಆಮೇಲಿನ ಸಲ ಪಾಸ್ ಸರಿಯಾಗಿ ಅವನ ಮುಂದೆ ಬಿತ್ತು. ಗೋಲ್ ಆಗಲಿಲ್ಲ, ಕಂಬಕ್ಕೆ ಬಡಿಯಿತು. ಪಾಸ್ ಕೊಟ್ಟ ಹುಡುಗ ಮಾತ್ರ ನನ್ನ ಕಡೆ ತಿರುಗಿ, "ಸರ್, ಇನ್ನೊಂದ್ಸಲ" ಅಂದ. ಕತ್ತಲಾಗುವ ತನಕ ಅದನ್ನೇ ಆಡಿದೆವು.

ಬಲಗಡೆ ಫುಲ್‌ಬ್ಯಾಕ್ ಮೇಲೆ ಹೋದಾಗ ಅವನ ಹಿಂದಿನ ಜಾಗ ಯಾರು ಕಾಯಬೇಕು? ಮಿಡ್‌ಫೀಲ್ಡಿನ ಹಿಂದಿನ ಹುಡುಗನನ್ನು ಅಲ್ಲಿಗೆ ಸರಿಸಿದರೆ ನಡುವೆ ತೂತು ಬೀಳುತ್ತಿದೆ.