ಕವಡೆಯ ಮ್ಯಾಂಟಲ್‌ಗೆ ಕನ್ನಡದಲ್ಲಿ ಏನನ್ನೋಣ? (ತುರ್ತು)

ಪ್ರಶ್ನೆ:
ಶಾಲೆಯ ವಸ್ತುಪ್ರದರ್ಶನಕ್ಕೆ ಕವಡೆಯ ಬಗ್ಗೆ ಒಂದು ಫಲಕ ಬರೆಯುತ್ತಿದ್ದೇನೆ. ಚೌಕಾಬಾರ ಆಡುತ್ತೇವಲ್ಲ, ಅದೇ. ವೈಜ್ಞಾನಿಕ ಹೆಸರು ಮೊನೆಟೇರಿಯಾ ಮೊನೆಟಾ. ಜೀವ ಇರುವ ಕವಡೆಯಲ್ಲಿ ಮ್ಯಾಂಟಲ್, ಅಂದರೆ ಅದರ ಮೈಯ ಮೆತ್ತನೆಯ ಪದರ, ಎರಡೂ ಬದಿಯಿಂದ ಮೇಲೆ ಬಂದು ಚಿಪ್ಪನ್ನು ಮುಚ್ಚುತ್ತದೆ, ಮುಟ್ಟಿದರೆ ಒಳಗೆ ಸರಿಯುತ್ತದೆ. ಚಿಪ್ಪಿನ ಹೊಳಪೂ ಅದರಿಂದಲೇ. ಅದಕ್ಕೆ 'ಪ್ರಾವಾರ' (ಸಂಸ್ಕೃತದಲ್ಲಿ ಹೊದಿಕೆ) ಅಂತ ಬರೆದೆ. ಏಳನೇ ಕ್ಲಾಸಿನ ಮಗಳು 'ಪರಿವಾರನಾ?' ಅಂದಳು. ನಾಳೆ ಬೆಳಗ್ಗೆ ಪ್ರಿಂಟ್‌ಗೆ ಕೊಡಬೇಕು.

ಸಾಗರದಿಂದ:
'ಕವಿಪೊರೆ' ಎನ್ನಿ. ಮೋಡ ಕವಿಯಿತು, ಕತ್ತಲೆ ಕವಿಯಿತು ಅನ್ನುವ ಅಚ್ಚಗನ್ನಡ ಕವಿ. ಕವಡೆ ಅನ್ನುವ ಹೆಸರೇ ಅದರಿಂದ ಬಂದದ್ದು. ತನ್ನನ್ನು ತಾನೇ ಕವಿದುಕೊಳ್ಳುವ ಹುಳು. ಪ್ರಾವಾರ ಗೀವಾರ ಬೇಡ.

ಮೈಸೂರಿನಿಂದ:
ಶುರುವಾಯ್ತು. ಕವಡೆ ಬಂದದ್ದು ಸಂಸ್ಕೃತದ ಕಪರ್ದದಿಂದ, ಪ್ರಾಕೃತದ ದಾರಿಯಲ್ಲಿ. ಹಿಂದಿಯ ಕೌಡಿ, ಮರಾಠಿಯ ಕವಡಿ ಎಲ್ಲ ಒಂದೇ ಬಳ್ಳಿ. ಅವರೂ ಕವಿದುಕೊಂಡರೇ? 'ಕವಿಪೊರೆ' ಓದಿದ ಮಕ್ಕಳು ಕವಿಗಳ ಕಣ್ಣಿಗೆ ಬರುವ ಕಾಯಿಲೆ ಅಂದುಕೊಳ್ಳುತ್ತಾರೆ. ಸುಮ್ನೆ ಮ್ಯಾಂಟಲ್ ಅಂತ ಬರೆಯಿರಿ.

ಸಾಗರದಿಂದ:
ನಮ್ಮೂರಲ್ಲಿ ಮ್ಯಾಂಟಲ್ ಅಂದರೆ ಪೆಟ್ರೋಮ್ಯಾಕ್ಸ್‌ದು. ಮುಟ್ಟಿದರೆ ಪುಡಿ. ಮನೆಯಲ್ಲೇ 'ಕವಿ' ಅನ್ನುವ ಧಾತು ಇರುವಾಗ ಸಾಲ ಯಾಕೆ?

ಮೈಸೂರಿನಿಂದ:
ಮಾಲ್ಡೀವ್ಸ್‌ನಿಂದ ಬಂಗಾಳಕ್ಕೆ ಹಡಗುಗಟ್ಟಲೆ ಹೋಗಿ ದುಡ್ಡಾದ ಪ್ರಾಣಿ ಸ್ವಾಮಿ ಅದು. ಅದರ ಹೆಸರು ಮಾತ್ರ ಸಾಗರದಲ್ಲೇ ಹುಟ್ಟಿರಬೇಕಾ?

ಕುಂದಾಪುರದಿಂದ:
ಇಬ್ಬರೂ ಪ್ರಾಣಿಯನ್ನೇ ಬಿಟ್ಟಿರಿ. ಮ್ಯಾಂಟಲ್ ಬರೀ ಮುಚ್ಚುವುದಿಲ್ಲ, ಚಿಪ್ಪನ್ನು ಕಟ್ಟುವುದೇ ಅದು. ಎಳೆಯ ಕವಡೆಯ ಬಾಯಿ ಅಗಲ, ತುಟಿ ತೆಳು. ಬಲಿತ ಮೇಲೆ ತುಟಿ ಒಳಕ್ಕೆ ಮಡಚಿಕೊಂಡು ಹಲ್ಲು ಮೂಡುತ್ತದೆ. ಅಲ್ಲಿಗೆ ಉದ್ದ ಬೆಳೆಯುವುದು ನಿಂತಿತು. ಆಮೇಲೆ ಮ್ಯಾಂಟಲ್ ಹೊರಗಿನಿಂದ, ಗೋಡೆಗೆ ಸುಣ್ಣ ಬಳಿದ ಹಾಗೆ, ಪದರ ಬಳಿಯುತ್ತಾ ಹೋಗುತ್ತದೆ. ಬಳಿಯುವುದೂ ಒಂದು ಬಗೆಯ ಸುಣ್ಣವೇ ಅಲ್ವಾ? ಅದಕ್ಕೇ 'ಕವಿ'ಯೂ ಸಾಲದು, 'ಹೊದಿಕೆ'ಯೂ ಸಾಲದು. 'ಚಿಪ್ಪುತೊಗಲು' ಅನ್ನಿ. ಶಂಖಕ್ಕೂ ಎರಡು ಚಿಪ್ಪಿನ ಮರುವಾಯಿಗೂ ಇದೇ ಹೆಸರು ನಡೆಯುತ್ತದೆ. ಮತ್ತೆ, ಬೇರೆ ಎಷ್ಟೋ ಕಡಲ ಬಸವನಹುಳುಗಳಿಗೆ ಇರುವಂತೆ ಕವಡೆಯ ಬಾಯಿಗೂ ಮುಚ್ಚಳ ಇದೆ ಅಂತ ಬರೆದುಬಿಟ್ಟೀರಿ. ಬೆಳೆದ ಕವಡೆಗೆ ಅದು ಇಲ್ಲ.

ಸಾಗರದಿಂದ:
ತೊಗಲು ಒಪ್ಪಿದೆ. 'ಕವಿತೊಗಲು' ಆಗಲಿ.

ಮೈಸೂರಿನಿಂದ:
ಕವಿಯ ತೊಗಲು ಸುಲಿದದ್ದೂ ಆಯ್ತು.

ಪ್ರಶ್ನೆ ಕೇಳಿದವರಿಂದ:
ಮುಚ್ಚಳ ಅಂತ ಬರೆದಿದ್ದೆ, ಅಳಿಸಿದೆ! 'ಚಿಪ್ಪುತೊಗಲು' ಹಾಕಿ, ಪಕ್ಕದಲ್ಲಿ ಕಂಸದೊಳಗೆ ಮ್ಯಾಂಟಲ್ ಅಂತ ಬರೆದು ಪ್ರಿಂಟ್‌ಗೆ ಕೊಟ್ಟೆ. ಎಲ್ಲರಿಗೂ ಥ್ಯಾಂಕ್ಸ್.

ಸಾಗರದಿಂದ:
ಕಂಸ ಯಾಕೆ?