ಡೈನೊ ಏರಿಸಿದ ಮೇಲೆ ಆಪ್ ಪೂರ್ತಿ ಬಿತ್ತು: ಹೆರೋಕು ಪ್ರಶ್ನೋತ್ತರ

ಮೈಸೂರು ಸದಸ್ಯ: ಮೇಡಂ, ನಮ್ಮದು ನಾಟಕದ ಟಿಕೆಟ್ ಆಪ್. ರೈಲ್ಸ್‌ನಲ್ಲಿ (ವೆಬ್ ಆಪ್ ಕಟ್ಟುವ ಚೌಕಟ್ಟು) ಬರೆದದ್ದು, ಹೆರೋಕುನಲ್ಲಿ (ಆಪ್ ಓಡಿಸಿಕೊಡುವ ಕ್ಲೌಡ್ ಸೇವೆ) ಓಡುತ್ತದೆ. ಬುಕಿಂಗ್ ಶುರುವಾದಾಗ ನಿಧಾನ ಆಯ್ತು ಅಂತ ವೆಬ್ ಡೈನೊ (ಆಪ್ ಓಡುವ ಪುಟ್ಟ ಸರ್ವರ್) 4ರಿಂದ 12ಕ್ಕೆ ಏರಿಸಿದೆವು. ಪೂರ್ತಿ ಬಿತ್ತು. ಲಾಗ್ ತುಂಬ ‘ಟೂ ಮೆನಿ ಕನೆಕ್ಷನ್ಸ್’. ಡೇಟಾಬೇಸ್ ಹೆರೋಕು ಪೋಸ್ಟ್‌ಗ್ರೆಸ್‌ನ ಸ್ಟ್ಯಾಂಡರ್ಡ್-0 ಪ್ಲಾನ್. ನಾಡಿದ್ದು ಮತ್ತೆ ಬುಕಿಂಗ್ ಇದೆ.

ಉತ್ತರ: ವೆಬ್ ಸರ್ವರ್ ಪೂಮಾದಲ್ಲಿ ವರ್ಕರ್ (ಪ್ರೋಸೆಸ್), ಥ್ರೆಡ್ (ಅದರೊಳಗೆ ಒಟ್ಟಿಗೆ ಓಡುವ ಕೆಲಸ) ಎಷ್ಟು? ಹಿನ್ನೆಲೆ ಕೆಲಸಕ್ಕೆ ಸೈಡ್‌ಕಿಕ್ ಇದೆಯಾ?

ಮೈಸೂರು: 2 ವರ್ಕರ್, ತಲಾ 5 ಥ್ರೆಡ್. ಸೈಡ್‌ಕಿಕ್ ಡೈನೊ 2, ತಲಾ 10 ಥ್ರೆಡ್.

ಹಾಸನ ಸದಸ್ಯ: ಅಪ್‌ಲೋಡ್ ಮಾಡಿದ ಫೋಟೊ ಮಾರನೇ ದಿನ ಇರಲ್ಲ. ಯಾಕೆ?

ಉತ್ತರ: ಡೈನೊ ದಿನಕ್ಕೊಮ್ಮೆಯಾದರೂ ರೀಸ್ಟಾರ್ಟ್ ಆಗುತ್ತದೆ, ಅದರ ಡಿಸ್ಕ್‌ನಲ್ಲಿಟ್ಟದ್ದು ಹೋಗುತ್ತದೆ. ಅಮೆಜಾನ್‌ನ ಫೈಲ್ ಸಂಗ್ರಹ ಎಸ್3ಗೆ ಹಾಕಿ.

ಉತ್ತರ, ಮೈಸೂರಿನವರಿಗೆ: ಲೆಕ್ಕ ನೋಡಿ. ಒಂದು ಥ್ರೆಡ್‌ಗೆ ಡೇಟಾಬೇಸ್‌ನ ಒಂದು ಕನೆಕ್ಷನ್ ಬೇಕು, ಹಾಗಾಗಿ ಒಂದು ವೆಬ್ ಡೈನೊಗೆ 10. 12 ಡೈನೊಗೆ 120. ಸೈಡ್‌ಕಿಕ್‌ಗೆ 20. ಒಟ್ಟು 140. ಸ್ಟ್ಯಾಂಡರ್ಡ್-0ರ ಮಿತಿಯೇ 120. ಆದರೆ ನನಗೆ ಚಿಂತೆ ಇರೋದು ಮೊದಲಿನ ನಿಧಾನದ ಬಗ್ಗೆ. 4 ಡೈನೊ ಇದ್ದಾಗ ಬಳಕೆ ಬರೀ 60, ಆಗಲೇ ಯಾಕೆ ತಡವಾಯ್ತು? ಡೇಟಾಬೇಸ್‌ಗೆ ಕೇಳುವ ಯಾವುದೋ ಪ್ರಶ್ನೆ (ಕ್ವೆರಿ) ಎಳೆಯುತ್ತಿದೆ. ಸೀಟು ಹುಡುಕುವ ಟೇಬಲ್‌ಗೆ ಇಂಡೆಕ್ಸ್ (ಬೇಗ ಹುಡುಕಲು ಬೇಕಾದ ಸೂಚಿ) ಇದೆಯಾ ನೋಡಿ. 30 ಸೆಕೆಂಡ್ ಆದರೆ ಬೇಡಿಕೆಯನ್ನು ಡೈನೊಗೆ ಕಳಿಸುವ ಹೆರೋಕು ರೂಟರ್ ಕೈಬಿಡುತ್ತದೆ, ಡೈನೊ ಮಾತ್ರ ಆ ಕೆಲಸ ಮಾಡುತ್ತಲೇ ಇರುತ್ತದೆ. ಜನ ರಿಫ್ರೆಶ್ ಒತ್ತುತ್ತಾರೆ, ಅದೇ ಕ್ವೆರಿ ಮತ್ತೆ ಮತ್ತೆ ಓಡುತ್ತದೆ. ಪ್ರೀಬೂಟ್ (ಹೊಸ ಡೈನೊ ಎದ್ದ ಮೇಲೆ ಹಳೆಯದನ್ನು ನಿಲ್ಲಿಸುವ ಸೌಲಭ್ಯ) ಆನ್ ಇದೆಯಾ? ಇದ್ದರೆ ಡಿಪ್ಲಾಯ್ (ಹೊಸ ಕೋಡ್ ಏರಿಸುವ) ಹೊತ್ತಲ್ಲಿ ಹಳೆ ಡೈನೊ, ಹೊಸ ಡೈನೊ ಎರಡೂ ಕನೆಕ್ಷನ್ ಹಿಡಿದಿರುತ್ತವೆ.

ದಾವಣಗೆರೆ ಸದಸ್ಯ: ಒಂದು ಫಾರ್ವರ್ಡ್ ಬಂದಿದೆ: ಡೇಟಾಬೇಸ್‌ನ ಮ್ಯಾಕ್ಸ್ ಕನೆಕ್ಷನ್ಸ್ ಸೆಟ್ಟಿಂಗ್ 1000 ಮಾಡಿದರೆ ಎಲ್ಲ ಸರಿಹೋಗುತ್ತದಂತೆ.

ಉತ್ತರ: ದಯವಿಟ್ಟು ಇದನ್ನು ಹಂಚಬೇಡಿ. ಪೋಸ್ಟ್‌ಗ್ರೆಸ್‌ನಲ್ಲಿ ಪ್ರತಿ ಕನೆಕ್ಷನ್ನಿಗೂ ಒಂದು ಪ್ರೋಸೆಸ್. ಮೆಮೊರಿ ಮುಗಿದರೆ ಡೇಟಾಬೇಸೇ ಮಲಗುತ್ತದೆ. ಹೆರೋಕುನಲ್ಲಂತೂ ಆ ಮಿತಿ ನಿಮ್ಮ ಕೈಲಿಲ್ಲ.

ಮಂಗಳೂರು ಸದಸ್ಯ: ಆಟೊಸ್ಕೇಲಿಂಗ್‌ಗೆ (ಡೈನೊ ತಾನಾಗೇ ಏರಿಳಿಯೋದು) ಯಾವ ಆಡ್-ಆನ್ ಒಳ್ಳೆಯದು?

ಬೆಂಗಳೂರು ಸದಸ್ಯ: ಎಲ್ಲ ಬಿಟ್ಟು ಕುಬರ್ನೆಟಿಸ್‌ಗೆ (ಕಂಟೇನರ್‌ಗಳನ್ನು ನಿಭಾಯಿಸುವ ತಂತ್ರಾಂಶ) ಹೋಗಿ.

ಹುಬ್ಬಳ್ಳಿ ಸದಸ್ಯ: ಟಿಕೆಟ್ ಆಪ್‌ಗೆ ಕುಬರ್ನೆಟಿಸಾ? ಮಧ್ಯರಾತ್ರಿ ಬಿದ್ದರೆ ನೀವು ಬಂದು ಎತ್ತುತ್ತೀರಾ?

ಬೆಂಗಳೂರು: ಕಲಿಯೋಕೆ ಸೋಮಾರಿತನ ಅಂತ ಒಪ್ಪಿಕೊಳ್ಳಿ.

ಹುಬ್ಬಳ್ಳಿ: ಮಾತು ಸರಿಯಾಗಿ ಆಡಿ.

ಉತ್ತರ: ಕುಬರ್ನೆಟಿಸ್‌ನಲ್ಲೂ ಪಾಡ್ (ಅಲ್ಲಿ ಆಪ್ ಓಡುವ ಘಟಕ) ಹೆಚ್ಚಿದರೆ ಕನೆಕ್ಷನ್ ಹೆಚ್ಚುತ್ತದೆ. ಜಗಳ ಬೇರೆ ಕಡೆ ಮಾಡಿ.

ತುಮಕೂರು ಸದಸ್ಯ: ಮೇಡಂ, ಫೋಟೊ ಮಾಯ ಆಗ್ತಿದೆ...

ಉತ್ತರ: ಹಾಸನದವರಿಗೆ ಹೇಳಿದ್ದೇನೆ. ಓದಿ.

ದಾವಣಗೆರೆ: ಫ್ರೀ ಡೈನೊ ನಿದ್ದೆ ಹೋಗದ ಹಾಗೆ ಪಿಂಗ್ ಮಾಡೋ ಸ್ಕ್ರಿಪ್ಟ್ ಹಾಕಲಾ?

ಉತ್ತರ: ಬೇಡ. ಫ್ರೀ ಡೈನೊ 2022ರ ನವೆಂಬರ್‌ನಲ್ಲೇ ನಿಂತಿದೆ.

ಮಂಗಳೂರು: ನನ್ನ ಪ್ರಶ್ನೆ?

ಮೈಸೂರು: ಮೇಡಂ, ಇಂಡೆಕ್ಸ್ ಇರಲಿಲ್ಲ! ಪ್ರೀಬೂಟ್ ಆನ್ ಇದೆ.

ಉತ್ತರ: ಇಂಡೆಕ್ಸ್ ಇವತ್ತೇ ಹಾಕಿ, ಆ ಆದೇಶದಲ್ಲಿ ‘ಕನ್‌ಕರೆಂಟ್ಲಿ’ ಪದ ಸೇರಿಸೋದು ಮರೆಯಬೇಡಿ, ಇಲ್ಲದಿದ್ದರೆ ಟೇಬಲ್‌ಗೆ ಬರೆಯೋದು ಅಷ್ಟು ಹೊತ್ತು ನಿಲ್ಲುತ್ತದೆ. ವೆಬ್ ಡೈನೊ 8 ಸಾಕು, ಒಟ್ಟು 100 ಕನೆಕ್ಷನ್. ಬುಕಿಂಗ್ ಮುಗಿಯೋವರೆಗೆ ಡಿಪ್ಲಾಯ್ ಯಾರೂ ಮಾಡಬೇಡಿ.